ಶ್ರೀಲಂಕಾ ಚಿಕ್ಕ ದೇಶ ಅಂತ ಯಾರ್ರೀ ಹೇಳಿದ್ದು ನಿಮ್ಗೆ?

ಶ್ರೀಲಂಕಾಗೆ ಹೋಗ್ತಿದೀವಿ, ಏನೇನ್ ನೋಡ್ಬೋದು, ಯಾವಾಗ ಹೋಗ್ಬೋದು ಅಂತ ಇನ್‌ಬಾಕ್ಸಲ್ಲಿ ಕೇಳೋರು ಜಾಸ್ತಿ ಆಗಿದಾರೆ. ಎಲ್ರಿಗೂ ಒಂದೊಂದಾಗಿ ಟೈಪ್ ಮಾಡೋಕ್ಕಾಗಲ್ಲ, ಅದಕ್ಕೆ ಇಲ್ಲೇ ಬರೀತಿದೀನಿ, ಬೇಕಾದೋರು ಸೇವ್ ಮಾಡ್ಕೊಳ್ಳಿ.

ಮೊದ್ಲು ಟ್ರಾವೆಲ್ಸ್‌ನೋರು ಮಾರೋ ಆ ಪ್ಯಾಕೇಜ್ ವಿಷ್ಯ. ನಾಲ್ಕು ರಾತ್ರಿ ಐದು ದಿನ, ಅದ್ರಲ್ಲಿ ಸಿಗಿರಿಯಾ, ಕ್ಯಾಂಡಿ, ನುವರ ಎಲಿಯ, ಎಲ್ಲಾ (ಅದೊಂದು ಊರು ಮಾರಾಯ್ರೆ), ಯಾಲ ಸಫಾರಿ, ಗಾಲ್, ಕೊಲಂಬೊ ಶಾಪಿಂಗ್! ಇದನ್ನ ಮಾಡಿ ಬಂದೋರು ನೋಡಿರೋದು ವ್ಯಾನಿನ ಕಿಟಕಿ ಮಾತ್ರ. ದ್ವೀಪ 65,610 ಚದರ ಕಿಲೋಮೀಟರ್, ಅಂದ್ರೆ ಕರ್ನಾಟಕದ ಮೂರನೇ ಒಂದು ಭಾಗ, ನಿಜ, ಮ್ಯಾಪಲ್ಲಿ ಪುಟ್ಟದಾಗೇ ಕಾಣುತ್ತೆ. ಆದ್ರೆ ಕೊಲಂಬೊದಿಂದ ಕ್ಯಾಂಡಿ 115 ಕಿಲೋಮೀಟರ್ ಆಸುಪಾಸು ಅಷ್ಟೇ, ಅದಕ್ಕೇ ಮೂರೂವರೆ ಗಂಟೆ ಹಿಡಿಯುತ್ತೆ, ಕ್ಯಾಂಡಿ ದಾಟಿದ್ಮೇಲೆ ಬರೀ ಘಾಟಿ. ದಕ್ಷಿಣಕ್ಕೆ ಗಾಲ್, ಮಾತರ ಕಡೆ ಎಕ್ಸ್‌ಪ್ರೆಸ್‌ವೇ ಇರೋದ್ರಿಂದ ಅಲ್ಲಿ ಪರ್ವಾಗಿಲ್ಲ. ಹಾಗಾಗಿ ನನ್ನ ಹಠ ಒಂದೇ, ಅರ್ಧ ದ್ವೀಪ ನೋಡಿ, ಇನ್ನರ್ಧ ಬಿಡಿ. ಬೆಂಗಳೂರಿಂದ ಒಂದೂವರೆ ಗಂಟೆ ಫ್ಲೈಟು, ಇನ್ನೊಂದ್ಸಲ ಹೋದ್ರಾಯ್ತು.

ಯಾವ ಅರ್ಧ ಅನ್ನೋದನ್ನ ಮಳೆ ತೀರ್ಮಾನ ಮಾಡುತ್ತೆ. ನಮ್ಮ ಮುಂಗಾರು ಹಿಂಗಾರು ಇದೆಯಲ್ಲ ಅದೇ ಲೆಕ್ಕ ಅಲ್ಲೂ. ಮೇಯಿಂದ ಸೆಪ್ಟೆಂಬರ್‌ವರೆಗೆ ಕೊಲಂಬೊ, ಗಾಲ್, ಮಿರಿಸ್ಸ ಕಡೆ ಮಳೆ, ಸಮುದ್ರ ಒರಟು, ಅದೇ ಟೈಮಲ್ಲಿ ಪೂರ್ವದ ತ್ರಿಂಕೋಮಲಿ, ಅರುಗಂ ಬೇ ಬಿಸಿಲಲ್ಲಿ ಚೆನ್ನಾಗಿರುತ್ತೆ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಉಲ್ಟಾ. ಇದು ಗೊತ್ತಿಲ್ದೆ ಜುಲೈಯಲ್ಲಿ ಮಿರಿಸ್ಸ ಬೀಚ್ ರೂಮ್ ಬುಕ್ ಮಾಡಿ, ಏನ್ ಚೀಪಾಗಿ ಸಿಕ್ತು ಗೊತ್ತಾ ಅಂತ ಖುಷಿ ಪಡೋರಿದಾರೆ, ಚೀಪ್ ಯಾಕೆ ಅಂತ ಯೋಚ್ನೆನೇ ಮಾಡಲ್ಲ. ಮಕ್ಕಳ ದಸರಾ ರಜಕ್ಕೆ ಹೋಗೋರಿಗಂತೂ ನನ್ನ ಸಲಹೆ ಬೇಡ ಅಂತಾನೇ, ಅಕ್ಟೋಬರ್ ನವೆಂಬರಲ್ಲಿ ಎರಡೂ ಕಡೆ ಮಳೆ ಹಿಡ್ಕೊಬೋದು. ಏಪ್ರಿಲ್ ಮಧ್ಯ ಅವ್ರ ಹೊಸ ವರ್ಷ, ಅಂಗಡಿ ಹೋಟೆಲು ಸುಮಾರು ಮುಚ್ಚಿರುತ್ವೆ, ಡ್ರೈವರ್‌ಗಳೂ ಊರಿಗೆ ಹೋಗಿರ್ತಾರೆ. ಕ್ರಿಸ್‌ಮಸ್ ರಜ ಸಿಕ್ಕಿದ್ರೆ ಕಣ್ಮುಚ್ಚಿ ದಕ್ಷಿಣಕ್ಕೆ ಹೋಗಿ, ರೇಟ್ ಮಾತ್ರ ಜಾಸ್ತಿ.

ಆಮೇಲೆ ಆ ನೀಲಿ ರೈಲು, ರೀಲ್ಸಲ್ಲಿ ಬಾಗ್ಲಲ್ಲಿ ಜೋತಾಡ್ತಾರಲ್ಲ ಅದು. ಕ್ಯಾಂಡಿಯಿಂದ ಎಲ್ಲಾವರೆಗೆ ಟೀ ತೋಟದ ಮಧ್ಯೆ ಹೋಗುತ್ತೆ, ನುವರ ಎಲಿಯಕ್ಕೆ ಹೋಗೋರು ‘ನಾನು ಓಯಾ’ ಅನ್ನೋ ಸ್ಟೇಷನ್ನಲ್ಲಿ ಇಳೀಬೇಕು. ರಿಸರ್ವೇಷನ್ ಒಂದ್ ತಿಂಗಳ ಮುಂಚೆ ಓಪನ್ ಆಗುತ್ತೆ, ನಮ್ಮ ತತ್ಕಾಲ್ ಥರ ನೋಡ್ನೋಡ್ತಾನೇ ಖಾಲಿ. ಆದ್ರೆ 2025ರ ನವೆಂಬರ್ ಕೊನೇಲಿ ದಿತ್ವಾ ಚಂಡಮಾರುತ ಬಂದಾಗ ಬೆಟ್ಟದ ಮೇಲೆ ಗುಡ್ಡ ಕುಸಿದು ಈ ಲೈನಿಗೆ ತುಂಬಾ ಪೆಟ್ಟಾಗಿದೆ, ಹಾಗಾಗಿ ಯಾವ ಭಾಗದಲ್ಲಿ ರೈಲು ಓಡ್ತಿದೆ ಅಂತ ವಿಚಾರಿಸ್ಕೊಂಡೇ ಪ್ಲಾನ್ ಮಾಡಿ, ಹಳೇ ವಿಡಿಯೋ ನೋಡ್ಕೊಂಡು ಹೋಗ್ಬೇಡಿ.

ಸಿಗಿರಿಯಾ ಬಂಡೆಕೋಟೆ ಹತ್ತೋಕೆ ಸುಮಾರು 1,200 ಮೆಟ್ಲು, ಬೆಳಿಗ್ಗೆ ಗೇಟ್ ತೆಗೆದ ತಕ್ಷಣ ಹತ್ಬಿಡಿ, ಹತ್ತು ಗಂಟೆ ಮೇಲೆ ಬಂಡೆ ಕಾದು ಜೀವ ಹೋಗುತ್ತೆ. ಫಾರಿನರ್ಸ್ ಟಿಕೆಟ್ ಸಿಕ್ಕಾಪಟ್ಟೆ ದುಬಾರಿ, ಆದ್ರೆ ಸಾರ್ಕ್ ದೇಶದವ್ರಿಗೆ (ನಾವೂ ಸೇರಿ) ಹತ್ತಿರ ಹತ್ತಿರ ಅರ್ಧ ರೇಟು! ಕೌಂಟರಲ್ಲಿ ಅವ್ರಾಗೇ ಹೇಳದೇ ಇರ್ಬೋದು, ನೀವೇ ಕೇಳ್ಬೇಕು, ಪಾಸ್‌ಪೋರ್ಟ್ ಕೈಲಿರ್ಬೇಕು. ಹಳೇ ರಾಜಧಾನಿ ಪೊಲೊನ್ನರುವದಲ್ಲೂ ಹೀಗೇ. ಯಾಲ ಬಗ್ಗೆ ಬೈಸ್ಕೊಂಡ್ರೂ ಹೇಳ್ತೀನಿ, ಕಬಿನಿ, ನಾಗರಹೊಳೆ ನೋಡಿರೋರಿಗೆ ಅಷ್ಟು ದುಡ್ಡು ಕೊಟ್ಟು ಜೀಪ್ ಟ್ರಾಫಿಕ್ಕಲ್ಲಿ ಕೂರೋದು ಬೇಕಾಗಿಲ್ಲ. ಮಾತಲೆ ದಾರೀಲಿ ಡ್ರೈವರ್ ಸ್ಪೈಸ್ ಗಾರ್ಡನ್‌ಗೆ ನಿಲ್ಲಿಸ್ತಾನೆ, ಅವ್ನಿಗೆ ಕಮಿಷನ್ ಇರುತ್ತೆ, ಪಾಪ. ಶಿರಸಿ, ಸಕಲೇಶಪುರದ ಕಡೆಯವ್ರು ಅಲ್ಲಿ ಹೋಗಿ ಏಲಕ್ಕಿ ಮೆಣಸು ತಂದ್ರೆ ಮನೇಲಿ ಮರ್ಯಾದೆ ಉಳಿಯಲ್ಲ.

ಊಟದ್ದು ಸ್ವಲ್ಪ ಉದ್ದ ಹೇಳ್ತೀನಿ, ಸಸ್ಯಾಹಾರಿಗಳು ಹೆಚ್ಚು ಕಷ್ಟ ಪಡೋದು ಇಲ್ಲೇ. ಅನ್ನ, ಸುತ್ತ ನಾಲ್ಕೈದು ಪಲ್ಯ, ತೆಂಗಿನಹಾಲಿನ ಬೇಳೆ, ಆಪ್ಪ, ನಮ್ಮ ಒತ್ತು ಶ್ಯಾವಿಗೆ ಥರದ ಇಡಿಯಪ್ಪ, ನೋಡೋಕೆ ನಮ್ಮನೆ ಊಟಾನೇ. ಪಕ್ಕದಲ್ಲಿ ಕೆಂಪಗೆ ಕಾಯಿ ಚಟ್ನಿ ಥರ ಪೊಲ್ ಸಂಬೋಲ್ ಇರುತ್ತೆ, ಅದ್ರಲ್ಲಿ ತೆಂಗಿನ ತುರಿ ಮಧ್ಯೆ ಕಂದು ಬಣ್ಣದ ಸಣ್ಣ ಸಣ್ಣ ಚಕ್ಕೆ ಕಾಣಿಸಿದ್ರೆ ಹುರಿದ ಈರುಳ್ಳಿ ಅನ್ಕೋಬೇಡಿ, ಅದು ಒಣಗಿಸಿದ ಮೀನು, ಉಂಬಲಕಡ ಅಂತಾರೆ. ಅಲ್ಲಿ ಎಷ್ಟೋ ಜನ ಅದನ್ನ ಮೀನು ಅಂತ ಲೆಕ್ಕಕ್ಕೇ ಹಿಡಿಯಲ್ಲ, ಮಸಾಲೆ ಹಾಕಿದ ಹಾಗೆ. ಬರೀ ‘ವೆಜ್’ ಅಂದ್ರೆ ಸಾಕಾಗಲ್ಲ, ‘ಉಂಬಲಕಡ ಎಪಾ’ ಅನ್ನಿ, ಬೇಡ ಅಂತ. ಇಲ್ಲಾಂದ್ರೆ ‘ಶೈವ’ ಅಂತ ಬೋರ್ಡ್ ಇರೋ ತಮಿಳ್ರ ಹೋಟೆಲ್ ಹುಡ್ಕಿ, ದೋಸೆ ವಡೆ ಸಿಗುತ್ತೆ, ನಿಮ್ಗೆ ಹರುಕು ಮುರುಕು ತಮಿಳು ಬಂದ್ರೆ ಇನ್ನೂ ಆರಾಮು. ರಸ್ತೆ ಬದಿ ಕಿತ್ತಳೆ ಬಣ್ಣದ ಎಳನೀರು ಬಿಡ್ಬೇಡಿ, ಬಿಸಿಲಿಗೆ ಅದೇ ಔಷಧಿ.

ದುಡ್ಡು: ನಮ್ಮ ಒಂದು ರೂಪಾಯಿಗೆ ಅವ್ರದ್ದು ಮೂರು, ಮೂರೂವರೆ ಬರುತ್ತೆ. 2024ರ ಫೆಬ್ರವರಿಯಿಂದ ಯುಪಿಐ ಕೂಡ ಶುರುವಾಗಿದೆ, ಲಂಕಾ ಕ್ಯೂಆರ್ ಇರೋ ಅಂಗಡಿಗಳಲ್ಲಿ ನಡೆಯುತ್ತೆ, ಎಲ್ಲಾ ಕಡೆ ನಂಬ್ಕೋಬೇಡಿ, ಆಟೋದವ್ರಿಗೆ ನಗದು ಬೇಕು. ಆಟೋಗೆ ಪಿಕ್‌ಮಿ ಆ್ಯಪ್ ಹಾಕ್ಕೊಳ್ಳಿ, ಇಲ್ಲಾಂದ್ರೆ ಚೌಕಾಸಿ ಮಾಡಿ ಮಾಡಿ ಸಾಕಾಗುತ್ತೆ. ವೀಸಾ ರೂಲ್ಸ್ ಪದೇ ಪದೇ ಬದಲಾಗ್ತಿದೆ, ಅವ್ರ ಸರ್ಕಾರದ ಇಟಿಎ (ಆನ್‌ಲೈನ್ ಪ್ರಯಾಣ ಅನುಮತಿ) ಸೈಟಲ್ಲೇ ನೋಡಿ, ಅದೇ ಥರ ಕಾಣೋ ಖಾಸಗಿ ಸೈಟ್‌ಗಳು ಸುಮ್ನೆ ಎಕ್ಸ್‌ಟ್ರಾ ದುಡ್ಡು ಕೀಳ್ತವೆ.

ಬುದ್ಧನ ಮೂರ್ತಿಗೆ ಬೆನ್ನು ಹಾಕಿ ಸೆಲ್ಫಿ ತಗೋಬೇಡಿ, ಭುಜ ಮಂಡಿ ಮುಚ್ಚಿರ್ಲಿ, ಟೋಪಿ ಚಪ್ಪಲಿ ಹೊರಗೆ. ತೋಳಲ್ಲಿ ಬುದ್ಧನ ಟ್ಯಾಟೂ ಇದ್ದ ಬ್ರಿಟಿಷ್ ಮಹಿಳೆನ 2014ರಲ್ಲಿ ವಾಪಸ್ ಕಳಿಸಿದಾರೆ, ಅಷ್ಟು ಸೀರಿಯಸ್ಸು. ಬಸ್ಸಲ್ಲಿ ಮುಂದಿನ ಸೀಟು ಭಿಕ್ಷುಗಳಿಗೆ ಮೀಸಲು, ಖಾಲಿ ಇದ್ರೂ ಹಿಂದೆ ಕೂತ್ಕೊಳ್ಳಿ. ಗುಂಡು ಪಾರ್ಟಿ ಗೆಳೆಯರಿಗೆ ಒಂದು ಮಾತು, ಪ್ರತಿ ಹುಣ್ಣಿಮೆ ಅಲ್ಲಿ ಪೋಯ ರಜ, ಅವತ್ತು ಎಣ್ಣೆ ಮಾರೋ ಹಾಗಿಲ್ಲ, ಟಿಕೆಟ್ ಬುಕ್ ಮಾಡೋ ಮುಂಚೆ ಪಂಚಾಂಗ ನೋಡ್ಕೊಳ್ಳಿ.