ಬೇರೆ ಗತಿ ಇಲ್ಲದವರ ನೀರು

ನಮ್ಮ ಭಾವ ಸರ್ಕಾರದ ನೀರಿನ ವಿಜ್ಞಾನಿ ಆಗಿದ್ದವರು. ಜೀವಮಾನ ಇಡೀ ಹೊಳೆ ಅಳೆದು, ಈಗ ಜಗಲಿಯಲ್ಲಿ ಕೂತು ಪೆನ್ಶನ್ ಅಳೆಯುತ್ತಿದ್ದಾರೆ. ನಮ್ಮ ಕಾಸರಗೋಡು ಜಿಲ್ಲೆಯಲ್ಲಿ 12 ಹೊಳೆಗಳು. ಮಳೆ ವರ್ಷಕ್ಕೆ 3000 ಮಿಲಿಮೀಟರಿಗಿಂತ ಜಾಸ್ತಿ. ಇಷ್ಟೆಲ್ಲ ಇದ್ದೂ ಏಪ್ರಿಲ್ ಬಂದರೆ ಬಿಂದಿಗೆ ಹಿಡಿದು ಟ್ಯಾಂಕರ್ ಕಾಯುತ್ತೇವೆ. ನೀರಿಗೆ ಬರಗಾಲ ಬರಬಹುದು, ಅಳೆಯುವ ಕೆಲಸಕ್ಕೆ ಬರಗಾಲ ಇಲ್ಲ.

ಕೆಲಸಕ್ಕೆ ಸೇರಿದ ಹೊಸತರಲ್ಲಿ ಭಾವ ದೋಣಿ ಹತ್ತಿ ಹೊಳೆಗೆ ಕರೆಂಟ್ ಮೀಟರ್ ಇಳಿಸಿದರಂತೆ. ಹರಿವಿನ ವೇಗ ಅಳೆಯುವ ಯಂತ್ರ ಅದು. ಸಣ್ಣ ಬಟ್ಟಲುಗಳು ಗಿರಗಿರ ತಿರುಗುತ್ತವೆ, ಇವರು ಸುತ್ತು ಎಣಿಸಬೇಕು. ದಡದಲ್ಲಿದ್ದ ಅಜ್ಜ ಒಬ್ಬರು ಹೆದರಿಯೇ ಕೇಳಿದ್ದಂತೆ: "ಹೊಳೆಗೂ ಮೀಟರ್ ಇಟ್ಟಿರಾ? ಇನ್ನು ಮೀಯಲಿಕ್ಕೂ ಬಿಲ್ಲು ಬರ್ತದಾ?"

ಈ ಹೊಳೆಯ ಕಥೆಯೇ ಒಂದು ಫೈಲು. ಕೊಡಗಿನ ಬೆಟ್ಟದಲ್ಲಿ ಹುಟ್ಟಿ, ಸುಳ್ಯದಲ್ಲಿ ಪಯಸ್ವಿನಿ ಅನಿಸಿಕೊಂಡು, ನಮ್ಮಲ್ಲಿಗೆ ಬಂದು ಚಂದ್ರಗಿರಿ ಆಗಿ ಸಮುದ್ರ ಸೇರುತ್ತದೆ. ಚಂದ್ರಗಿರಿಯ ಬಡಗಿನ ಊರುಗಳು ಕರ್ನಾಟಕಕ್ಕೆ ಸೇರಬೇಕು ಅಂತ 1967ರಲ್ಲಿ ಮಹಾಜನ್ ಆಯೋಗ ಬರೆಯಿತು. ಆ ವರದಿ ಎಲ್ಲಿ ಮಲಗಿದೆಯೋ, ಭಾವನ ವರದಿಗಳೂ ಅದರ ಪಕ್ಕದಲ್ಲೇ ಚಾಪೆ ಹಾಸಿರಬೇಕು.

ವಿಷಯಕ್ಕೆ ಬರುತ್ತೇನೆ. ಬೇಸಿಗೆಯಲ್ಲಿ ಹೊಳೆ ಸೊರಗಿದರೆ ಸಮುದ್ರದ ಉಪ್ಪುನೀರು ಉಬ್ಬರದ ಜೊತೆ ಮೇಲೇರಿ ಬರುತ್ತದೆ. ಕಾಸರಗೋಡು ಪೇಟೆಗೆ ಕುಡಿಯುವ ನೀರು ಎತ್ತುವ ಬಾವಿಕ್ಕರೆಯಲ್ಲಿ ಅದನ್ನು ತಡೆಯಲು ಬಹಳ ವರ್ಷ ಮರಳಿನ ಚೀಲ ಪೇರಿಸಿ ಕಟ್ಟ ಕಟ್ಟುತ್ತಿದ್ದರು. ಕಟ್ಟ ತಡವಾಯಿತೋ, ಪೇಟೆಯ ನಲ್ಲಿಯಲ್ಲಿ ಅರಬ್ಬೀ ಸಮುದ್ರ. ಆ ದಿನಗಳಲ್ಲಿ ನಮ್ಮ ಪೇಟೆಯ ಚಿಕ್ಕಮ್ಮ ಗಂಜಿಗೆ ಉಪ್ಪು ಹಾಕುವುದನ್ನೇ ಬಿಟ್ಟಿದ್ದರು. ಚಿಕ್ಕಮ್ಮನ ನಾಲಿಗೆ ಬೆಳಿಗ್ಗೆ ಏಳಕ್ಕೆ ಹೇಳಿದ್ದನ್ನು, ಬಾಟಲಿ ತುಂಬಿ, ಚೀಟಿ ಅಂಟಿಸಿ, ಲ್ಯಾಬಿಗೆ ಕಳಿಸಿ, ವಾರ ಕಳೆದ ಮೇಲೆ ಭಾವನ ಆಫೀಸು ಹೇಳುತ್ತಿತ್ತು. ಒಂದೇ ವ್ಯತ್ಯಾಸ. ಚಿಕ್ಕಮ್ಮ "ಥೂ" ಅನ್ನುತ್ತಿದ್ದರು, ಆಫೀಸು "ಮಿತಿಯೊಳಗಿದೆ" ಅನ್ನುತ್ತಿತ್ತು.

"ಎಂತ ಭಾವ ಇದು, ಬಾಯಿಗೆ ಇಡ್ಲಿಕ್ಕೆ ಆಗ್ತಿಲ್ಲ, ಮಿತಿ ಹೇಗೆ?" ಅಂತ ನಾನೇ ಕೇಳಿದ್ದೆ. ಅವರು ಒಳಗೆ ಹೋಗಿ ಐಎಸ್ 10500 ತಂದರು. ಕುಡಿಯುವ ನೀರಿಗೆ ಭಾರತದ ಮಾನದಂಡ, 2012ರದ್ದು. ಅದರಲ್ಲಿ ಪಕ್ಕಪಕ್ಕ ಎರಡು ಕಾಲಂ. ಮೊದಲನೆಯದರಲ್ಲಿ ಲೀಟರಿಗೆ ಕ್ಲೋರೈಡ್, ಅಂದರೆ ಉಪ್ಪಿನ ಅಂಶ, 250 ಮಿಲಿಗ್ರಾಂ ಇರಬಹುದು. ಎರಡನೆಯದರಲ್ಲಿ 1000. ಕರಗಿದ ಲವಣ ಒಟ್ಟು 500 ಇದ್ದದ್ದು ಎರಡನೆಯದಕ್ಕೆ ಬರುವಾಗ 2000.

"ಎರಡನೇ ಕಾಲಂ ಯಾರಿಗೆ?"

"ಬೇರೆ ನೀರಿನ ಮೂಲ ಇಲ್ಲದವರಿಗೆ."

ನಾನು ಎರಡೆರಡು ಸಲ ಓದಿದೆ. ಹೌದು, ಹಾಗೇ ಉಂಟು. ಬೇರೆ ನೀರು ಸಿಗುವವನ ಹೊಟ್ಟೆ 250ಕ್ಕೇ ಸಾಕೆನ್ನುತ್ತದೆ. ಗತಿಯಿಲ್ಲದವನ ಹೊಟ್ಟೆ ನಾಲ್ಕು ಪಟ್ಟು ಗಟ್ಟಿ. ಸರ್ಕಾರ ಈ ಸುತ್ತೋಲೆಯನ್ನು ಕಿಡ್ನಿಗೂ ಒಂದು ಪ್ರತಿ ಕಳಿಸಿರಬೇಕು, ಅಲ್ವಾ?

ಈ ಎರಡನೇ ಕಾಲಂ ಬರೀ ನೀರಿಗೆ ಯಾಕೆ ಇರಬೇಕು ಅಂತ ನನಗೆ ಆಗಾಗ ಅನಿಸುತ್ತದೆ. ನಮ್ಮ ಕೊನೇ ಬಸ್ಸಿಗೆ ಅದು ಯಾವತ್ತೋ ಜಾರಿಯಾಗಿದೆ. ಸೀಟು 48, ಇನ್ನೊಂದು ಬಸ್ಸಿಲ್ಲದಿದ್ದರೆ 148. ಮದುವೆ ಮಾತುಕತೆಯಲ್ಲೂ ಅಷ್ಟೇ. ಮೊದಲ ಐದು ವರ್ಷ ಜಾತಕ ಕೂಡಿಬರಬೇಕು, ಆಮೇಲೆ ಜಾತಕ ಮನೆಯಲ್ಲೇ ಮರೆತುಹೋಗುತ್ತದೆ. ಕನ್ನಡ ಮಾತ್ರ ಬರುವ ನಮ್ಮ ಅಜ್ಜಿಗೆ ಮಲಯಾಳದಲ್ಲಿ ನೋಟೀಸು ಬರುವುದೂ ಬಹುಶಃ ಎರಡನೇ ಕಾಲಮ್ಮಿನ ಪ್ರಕಾರವೇ.

ಬಾವಿಕ್ಕರೆಯಲ್ಲಿ ಈಗ ಮರಳಿನ ಚೀಲದ ಬದಲು ಪಕ್ಕಾ ರೆಗ್ಯುಲೇಟರ್, ಅಂದರೆ ಉಪ್ಪುನೀರು ತಡೆಯುವ ಬಾಗಿಲಿನ ಕಟ್ಟ, ಬಂದಿದೆ. ಪುಸ್ತಕದ ಕಾಲಂ ಮಾತ್ರ ಅಲ್ಲಾಡಿಲ್ಲ.

ಇನ್ನು ಭಾವನ ಮನೆ ನೀರು. ಅವರ ಮನೆ ಬಾಯಾರು ಎಂಬ ಊರಿನ ಕಡೆ. ಗುಡ್ಡದ ಹೊಟ್ಟೆಗೆ ಅಡ್ಡ ಕೊರೆದ ಸುರಂಗದಿಂದ ವರ್ಷ ಪೂರ್ತಿ ನೀರು ತಾನಾಗಿ ಬರುತ್ತದೆ. ಪಂಪಿಲ್ಲ, ಬಿಲ್ಲಿಲ್ಲ. ಬೆರಳು ಗಾತ್ರದ ಧಾರೆ, ಐಸಿನ ಹಾಗೆ ತಂಪು. ಒಂದು ಬೇಸಿಗೆ ಅವರ ಆಫೀಸಿನ ಇಬ್ಬರು ಹುಡುಗರು ಮನೆಗೆ ಬಂದವರು ಆಸೆಗೆ ಅದನ್ನೂ ಒಂದು ಬಾಟಲಿ ತುಂಬಿ ಪರೀಕ್ಷೆಗೆ ಒಯ್ದರು. ಫೇಲ್! ಮುರಕಲ್ಲಿನ ನೀರಿಗೆ ಸ್ವಲ್ಪ ಆಮ್ಲ ಗುಣ. ಆಮ್ಲ ಅಳೆಯುವ ಪಿಎಚ್ ಕನಿಷ್ಠ 6.5 ಬೇಕು, ಅದು ಮುಟ್ಟಲಿಲ್ಲ. ಪಿಎಚ್‌ಗೆ ಎರಡನೇ ಕಾಲಂ ಇಲ್ಲ, ಅಲ್ಲಿ ರಿಯಾಯಿತಿಯೇ ಇಲ್ಲ. ಹೀಗೆ ಪೇಟೆಯ ಉಪ್ಪುನೀರು ಪಾಸು, ಅಜ್ಜನ ಕಾಲದ ಸುರಂಗ ನಪಾಸು.

ರಿಸಲ್ಟ್ ಕಾಗದ ಕೊಡಲು ಅದೇ ಹುಡುಗರು ಮಧ್ಯಾಹ್ನದ ಬಿಸಿಲಿಗೆ ಬಂದರು. ಅಕ್ಕ ಬೆಲ್ಲ, ನೀರು ತಂದಿಟ್ಟಳು. ಕಾಗದ ಮೇಜಿನ ಮೇಲೆ ಇಟ್ಟು ಇಬ್ಬರೂ ಎರಡೆರಡು ಚೊಂಬು ನಪಾಸು ನೀರು ಕುಡಿದರು. ಹೊರಡುವಾಗ ದಾರಿಗೂ ಇರಲಿ ಅಂತ ಬ್ಯಾಗಿನಿಂದ ಬಾಟಲಿ ತೆಗೆದರು. ಅದರಲ್ಲಿದ್ದ ಪೇಟೆ ನೀರನ್ನು ಒಬ್ಬ ಅಂಗಳದ ದಾಸವಾಳದ ಬುಡಕ್ಕೆ ಚೆಲ್ಲಲು ಹೋದ.

ಭಾವ ಜಗಲಿಯಿಂದಲೇ ಕೂಗಿದರು: "ಅದಕ್ಕೆ ಹಾಕಬೇಡ ಮಾರಾಯಾ, ಅದಕ್ಕೆ ಬೇರೆ ಗತಿ ಉಂಟು!"