ಆ ಕಪ್ಪು-ಬಿಳುಪು ಕ್ಲಿಪ್ 1930ರದ್ದಲ್ಲ
"1930ರ ನ್ಯೂಯಾರ್ಕ್‌ನಲ್ಲಿ ಬಡವರು ಚರಂಡಿಯೊಳಗೆ ಬದುಕುತ್ತಿದ್ದರು" ಅಂತ ಒಂದು ವಿಡಿಯೋ ಹರಿದಾಡುತ್ತಿದೆ. ತಪ್ಪು.

ಅದು ಮಾರ್ಕ್ ಸಿಂಗರ್ ನಿರ್ದೇಶಿಸಿದ 'ಡಾರ್ಕ್ ಡೇಸ್' ಸಾಕ್ಷ್ಯಚಿತ್ರದ ತುಣುಕು. ಬಿಡುಗಡೆಯಾಗಿದ್ದು 2000ದಲ್ಲಿ. 1990ರ ದಶಕದಲ್ಲಿ 16 ಎಂಎಂ ಕಪ್ಪು-ಬಿಳುಪು ಫಿಲ್ಮಿನಲ್ಲೇ ತೆಗೆದದ್ದು. ಬಣ್ಣ ಇಲ್ಲ ಅಂದ ಮಾತ್ರಕ್ಕೆ ಅಜ್ಜನ ಕಾಲದ್ದು ಆಗಲ್ಲ, ಅಲ್ವಾ?

ಜಾಗ ಚರಂಡಿಯೂ ಅಲ್ಲ, ಮ್ಯಾನ್‌ಹಟನ್‌ನ ರಿವರ್‌ಸೈಡ್ ಪಾರ್ಕ್ ಕೆಳಗಿನ ರೈಲು ಸುರಂಗ. ಗೂಡ್ಸ್ ರೈಲು ನಿಂತ ಮೇಲೆ ಮನೆಯಿಲ್ಲದವರು ಅಲ್ಲಿ ಹಲಗೆ, ತಗಡು, ಸಿಕ್ಕಿದ್ದನ್ನೆಲ್ಲ ಹೊಂದಿಸಿ ಗುಡಿಸಲು ಕಟ್ಟಿಕೊಂಡರು, ಕರೆಂಟ್ ಎಳೆದುಕೊಂಡು ಅಡುಗೆ ಮಾಡಿಕೊಂಡರು, ನಾಯಿ ಕೂಡ ಸಾಕಿದರು.

"ಇವರೆಲ್ಲ ನಟರು" ಅನ್ನೋರಿಗೂ ಒಂದು ಮಾತು. ತೆರೆ ಮೇಲೆ ಇರೋರು ಸುರಂಗದವರೇ, ಅಷ್ಟೇ ಅಲ್ಲ, ಲೈಟು ಗೀಟು ನೋಡಿಕೊಂಡು ಸಿನಿಮಾ ಮಾಡಿಕೊಟ್ಟವರೂ ಅವರೇ. ಸಿಂಗರ್‌ಗೂ ಅದೇ ಮೊದಲ ಸಿನಿಮಾ!

ಇನ್ನು, "ಇವತ್ತಿಗೂ ಅಲ್ಲೇ ಇದ್ದಾರೆ" ಅನ್ನೋದು. ಆಮ್‌ಟ್ರಾಕ್ ರೈಲು ಸಂಸ್ಥೆ ಅವರನ್ನು ಎಬ್ಬಿಸಲು ಬಂದಿದ್ದು, ಮನೆಯಿಲ್ಲದವರ ಪರ ಕೆಲಸ ಮಾಡುವ ಸಂಘಟನೆಯೊಂದರ ನೆರವಿನಿಂದ ಹಲವರಿಗೆ ನೆಲದ ಮೇಲೆ ಮನೆ ಸಿಕ್ಕಿದ್ದು ಎಲ್ಲಾ ಚಿತ್ರದ ಕೊನೆಯಲ್ಲೇ ಇದೆ. ಫಾರ್ವರ್ಡ್ ಆಗುತ್ತಿರುವ ವಿಡಿಯೋದಲ್ಲಿ ಆ ಭಾಗವೇ ಇಲ್ಲ.