ಬಾಗಿಲು ತೆಗೆಯದ ಮನೆಗೂ ಕೂಲಿ

ಸರ್ವೇ ಕೆಲಸದಲ್ಲಿ ಹೊತ್ತು ಹೋಗುವುದು ಪ್ರಶ್ನೆ ಕೇಳುವುದರಲ್ಲಲ್ಲ, ಉತ್ತರ ಕೊಡುವವರನ್ನು ಹುಡುಕುವುದರಲ್ಲಿ. ಬೆಂಗಳೂರಿನಲ್ಲಾದರೆ ಗೇಟಿನ ಮುಂದೆ ನಿಲ್ಲಬೇಕು, ನಾಯಿ ಕಟ್ಟಿದ್ದಾರೋ ಇಲ್ಲವೋ ನೋಡಬೇಕು, 'ಯಜಮಾನ್ರು ಇಲ್ಲ, ಸಂಜೆ ಬನ್ನಿ' ಅನ್ನಿಸಿಕೊಳ್ಳಬೇಕು. ಮೆಲ್ಬರ್ನಿನಲ್ಲಾದರೆ ಹೆಡ್‌ಸೆಟ್ ಹಾಕಿಕೊಂಡು ಕೂತು, ಯಾರೂ ಎತ್ತದ ಫೋನುಗಳ ರಿಂಗು ಕೇಳುತ್ತಿರಬೇಕು. ಎರಡೂ ಊರಲ್ಲಿ ಈ ಕೆಲಸ ಮಾಡಿಸಿರುವ ನನಗೆ ಕಂಡ ದೊಡ್ಡ ವ್ಯತ್ಯಾಸ ಡಾಲರು, ರೂಪಾಯಿಯದಲ್ಲ. ಹೀಗೆ ಕಾಯುವ ಹೊತ್ತಿನ ನಷ್ಟ ಯಾರ ತಲೆ ಮೇಲೆ ಬೀಳುತ್ತದೆ ಎಂಬುದು.

ಬೆಂಗಳೂರಿನ ಫೀಲ್ಡ್ ಕೆಲಸದ ಲೆಕ್ಕ ಬಹುಮಟ್ಟಿಗೆ ಫಾರಂ ಲೆಕ್ಕ. ಒಂದು ಇಂಟರ್‌ವ್ಯೂ ಪೂರ್ತಿಯಾದರೆ ಇಷ್ಟು. ದೊಡ್ಡ ರಿಸರ್ಚ್ ಕಂಪನಿ ಕೆಲಸವನ್ನು ಫೀಲ್ಡ್ ಏಜೆನ್ಸಿಗೆ ಕೊಡುತ್ತದೆ, ಏಜೆನ್ಸಿ ಸೂಪರ್‌ವೈಸರಿಗೆ, ಸೂಪರ್‌ವೈಸರು ತನಗೆ ಗೊತ್ತಿರುವ ಹುಡುಗ ಹುಡುಗಿಯರಿಗೆ. ಅದರ ಮೇಲೆ ಕೋಟಾ ಬೇರೆ, ಅಂದರೆ ಯಾವ ವರ್ಗದ ಮನೆಗಳು ಎಷ್ಟು ಬೇಕೆಂಬ ಮಿತಿ. ಮನೆಗೆ ಮುಖ್ಯವಾಗಿ ದುಡಿದು ಹಾಕುವವರ ಓದೆಷ್ಟು, ಪಟ್ಟಿಯಲ್ಲಿರುವ ಫ್ರಿಜ್ಜು, ಟೀವಿ, ವಾಷಿಂಗ್ ಮಷೀನು ಇತ್ಯಾದಿ 11 ವಸ್ತುಗಳಲ್ಲಿ ಮನೆಯಲ್ಲಿ ಎಷ್ಟಿವೆ ಎಂದು ನೋಡಿ ಆ ಮನೆ ಯಾವ ವರ್ಗಕ್ಕೆ ಸೇರುತ್ತದೆಂದು ನಿರ್ಧಾರವಾಗುತ್ತದೆ. ಅಷ್ಟೆಲ್ಲ ಕೇಳಿದ ಮೇಲೆ ಆ ವರ್ಗದ ಕೋಟಾ ತುಂಬಿದೆ ಎಂದು ಟ್ಯಾಬ್ ಹೇಳಿದರೆ, ನಮಸ್ಕಾರ ಹಾಕಿ ಎದ್ದು ಬರಬೇಕು. ಕಾಮಾಕ್ಷಿಪಾಳ್ಯದ ಬಸ್ ಸ್ಟಾಪಿನಿಂದ ಹುಡುಗಿಯೊಬ್ಬಳು ಫೋನ್ ಮಾಡಿದ್ದು ನೆನಪಿದೆ: 'ಸರ್, ಬೆಳಗ್ಗಿಂದ ಎರಡೇ ಆಗಿರೋದು. ಬಾಕಿ ಎಲ್ಲಾ ಕೋಟಾ ಫುಲ್ ಅಂತಿದೆ. ಬಸ್ ಚಾರ್ಜಾದ್ರೂ ಸಿಗುತ್ತಾ?' ಸಿಗುವ ಹಾಗಿರಲಿಲ್ಲ. ಬ್ರೀಫಿಂಗಿಗೆ, ಅಂದರೆ ಕೆಲಸ ಹೇಳಿಕೊಡುವುದಕ್ಕೆ, ಬಂದ ದಿನಕ್ಕೂ ಕಾಸಿಲ್ಲ, ಮನೆಯವರನ್ನು ಮತ್ತೆ ಕೇಳಿ ಖಚಿತಪಡಿಸಿಕೊಳ್ಳುವ ಬ್ಯಾಕ್‌ಚೆಕ್ಕಿನಲ್ಲಿ ರಿಜೆಕ್ಟ್ ಆದ ಫಾರಮ್ಮಿಗೂ ಇಲ್ಲ.

ಇದರ ಫಲ ಏನೆಂದು ಈ ಕ್ಷೇತ್ರದಲ್ಲಿ ಎಲ್ಲರಿಗೂ ಗೊತ್ತು. ಹೊಟ್ಟೆಪಾಡು ಫಾರಂ ಸಂಖ್ಯೆಯ ಮೇಲೆ ನಿಂತಾಗ ಕೆಲವು ಫಾರಂಗಳು ಪಾರ್ಕಿನ ಬೆಂಚಿನ ಮೇಲೇ ಭರ್ತಿಯಾಗುತ್ತವೆ. ಅದನ್ನು ಹಿಡಿಯಲು ಜಿಪಿಎಸ್ ಬಂತು, ಇಂಟರ್‌ವ್ಯೂ ಆಡಿಯೊ ರೆಕಾರ್ಡಿಂಗ್ ಬಂತು, ಬ್ಯಾಕ್‌ಚೆಕ್ಕಿಗೆ ಮತ್ತೊಂದು ತಂಡ ಬಂತು. ಕಾವಲಿಗೆ ಸುರಿಯುವ ದುಡ್ಡಿನಲ್ಲಿ ಒಂದು ಪಾಲನ್ನು ಆ ಹುಡುಗಿಯ ದಿನಗೂಲಿಗೆ ಸೇರಿಸಿದ್ದರೆ ಏನಾಗುತ್ತಿತ್ತು ಎಂದು ಯಾರೂ ಲೆಕ್ಕ ಹಾಕಿದ್ದನ್ನು ನಾನು ನೋಡಿಲ್ಲ. ಸೋಪಿನಿಂದ ಹಿಡಿದು ಚುನಾವಣೆಯವರೆಗೆ ಎಲ್ಲದರ ಬಗ್ಗೆ 'ಜನರ ಅಭಿಪ್ರಾಯ' ಎಂದು ನಾವು ಓದುವುದರ ಬುಡದಲ್ಲಿ ಈ ಕೂಲಿ ಪದ್ಧತಿ ಇದೆ.

ಆಸ್ಟ್ರೇಲಿಯಾದಲ್ಲಿ ಈ ಉದ್ಯೋಗಕ್ಕೆಂದೇ ಒಂದು 'ಅವಾರ್ಡ್' ಇದೆ. ಬಹುಮಾನವಲ್ಲ ಮಾರಾಯರೇ, ಸಂಬಳ, ಕೆಲಸದ ಹೊತ್ತುಗಳ ಬಗ್ಗೆ ಕಾನೂನಿನ ಕಟ್ಟುಪಾಡು. ಮಾರ್ಕೆಟ್ ಆ್ಯಂಡ್ ಸೋಶಿಯಲ್ ರಿಸರ್ಚ್ ಅವಾರ್ಡ್ 2020 ಎಂದು ಹೆಸರು. ಫೋನಿನಲ್ಲಿ ಪ್ರಶ್ನೆ ಕೇಳುವವರು, ಮನೆ ಬಾಗಿಲಿಗೆ ಹೋಗುವವರು, ತಂಡದ ಮೇಲ್ವಿಚಾರಕರು, ಹೀಗೆ ಕೆಲಸದ ದರ್ಜೆಗೆ ತಕ್ಕಂತೆ ಗಂಟೆಗೆ ಕನಿಷ್ಠ ಎಷ್ಟು ಎಂದು ಅದರಲ್ಲಿ ಬರೆದಿದೆ. ದೇಶಕ್ಕೆಲ್ಲ ಅನ್ವಯಿಸುವ ಕನಿಷ್ಠ ವೇತನ 2025ರ ಜುಲೈ 1ರಂದು ಗಂಟೆಗೆ 24.95 ಡಾಲರ್ ಆಯಿತು. ಕ್ಯಾಶುಯಲ್, ಅಂದರೆ ಖಾಯಂ ಅಲ್ಲದ, ಕೆಲಸಗಾರರಿಗೆ ಅವರ ದರದ ಮೇಲೆ ಶೇ. 25 ಹೆಚ್ಚುವರಿ, ಏಕೆಂದರೆ ಅವರಿಗೆ ಸಂಬಳ ಸಹಿತ ವಾರ್ಷಿಕ ರಜೆ, ಕಾಯಿಲೆ ರಜೆ ಇಲ್ಲ. ಶಿಫ್ಟಿನುದ್ದಕ್ಕೂ ಒಬ್ಬರೂ ಫೋನ್ ಎತ್ತದಿದ್ದರೂ ಗಂಟೆ ಗಂಟೆಯೇ. ಸಂಬಳ ಕೈಸೇರಿದ ಒಂದು ಕೆಲಸದ ದಿನದೊಳಗೆ ಪೇಸ್ಲಿಪ್ ಕೊಡಬೇಕು, ದಾಖಲೆಗಳನ್ನು ಏಳು ವರ್ಷ ಇಟ್ಟುಕೊಂಡಿರಬೇಕು.

ರೋಸ್ಟರ್, ಅಂದರೆ ಯಾರಿಗೆ ಯಾವ ಶಿಫ್ಟ್ ಎಂಬ ಪಟ್ಟಿ, ಮಾಡುವವನ ತಲೆನೋವು ಇರುವುದು ಬೇರೆ ಕಡೆ. ಸಂಶೋಧನೆಯ ಕರೆಗಳನ್ನು ವಾರದ ದಿನಗಳಲ್ಲಿ ಬೆಳಗ್ಗೆ 9ಕ್ಕೆ ಮೊದಲು, ರಾತ್ರಿ 8.30ರ ನಂತರ ಮಾಡುವಂತಿಲ್ಲ. ಶನಿವಾರ, ಭಾನುವಾರ ಸಂಜೆ 5ಕ್ಕೇ ನಿಲ್ಲಿಸಬೇಕು. ಲೆಕ್ಕಕ್ಕೆ ಬರುವುದು ಫೋನ್ ಎತ್ತುವವರ ಊರಿನ ಗಡಿಯಾರ. ಪರ್ತ್ ನಗರದಲ್ಲಿ 8.30 ಆದಾಗ ಮೆಲ್ಬರ್ನಿನಲ್ಲಿ ರಾತ್ರಿ 10.30, ಅಕ್ಟೋಬರಿನಲ್ಲಿ ಬೇಸಿಗೆಗೆಂದು ಗಡಿಯಾರ ಒಂದು ಗಂಟೆ ಮುಂದಿಟ್ಟ ಮೇಲೆ 11.30. ಕ್ವೀನ್ಸ್‌ಲ್ಯಾಂಡಿನವರು ಗಡಿಯಾರ ಮುಟ್ಟುವುದೇ ಇಲ್ಲ, ಅಡಿಲೇಡಿನವರದು ಅರ್ಧ ಗಂಟೆಯ ತಕರಾರು. ಇವೆಲ್ಲದರ ಮಧ್ಯೆ ಹೆಡ್‌ಸೆಟ್ ಹಾಕಿ ಕೂತವರಲ್ಲಿ ಹಲವರು ವಿದ್ಯಾರ್ಥಿಗಳು, ನಮ್ಮ ಹಾಸನ, ದಾವಣಗೆರೆ ಕಡೆಯವರೂ ಇದ್ದಾರೆ. ವಿದ್ಯಾರ್ಥಿ ವೀಸಾದವರು ಕಾಲೇಜು ನಡೆಯುವಾಗ ಎರಡು ವಾರಕ್ಕೆ 48 ಗಂಟೆ ಮೀರುವಂತಿಲ್ಲ. ಯಾವ ಸೋಮವಾರದಿಂದ ಎಣಿಸಿದರೂ 14 ದಿನಕ್ಕೆ ಅಷ್ಟೇ. ಈ ವಾರ 18, ಮುಂದಿನ ವಾರ 30 ಕೊಟ್ಟರೆ, ಅದರಾಚೆಯ ವಾರ ಮತ್ತೆ 18ರ ಮೇಲೆ ಕೊಡುವಂತಿಲ್ಲ. 'ಅಣ್ಣಾ, ಬಾಡಿಗೆ ಕಟ್ಟೋ ವಾರ, ಇನ್ನೊಂದು ಶಿಫ್ಟ್ ಹಾಕಿ' ಎಂದು ಕೇಳುವ ಹುಡುಗನಿಗೆ ಈ ಕೂಡು ಕಳೆಯುವಿಕೆ ತೋರಿಸಿ ಕಳಿಸಬೇಕಾಗುತ್ತದೆ.

ಇಲ್ಲಿ ಎಲ್ಲವೂ ಸೊಗಸು ಎಂದರೆ ಸುಳ್ಳಾಗುತ್ತದೆ. ಪ್ರಾಜೆಕ್ಟ್ ಮುಗಿದರೆ ಕ್ಯಾಶುಯಲ್‌ಗಳ ರೋಸ್ಟರ್ ಖಾಲಿ. ಯಾರೂ ಅವರನ್ನು ತೆಗೆದುಹಾಕುವುದಿಲ್ಲ, ಶಿಫ್ಟ್ ಮಾತ್ರ ಬರುವುದಿಲ್ಲ. ಗಂಟೆ ಲೆಕ್ಕವನ್ನು ಹಿಂಬಾಗಿಲಿನಿಂದ ಫಾರಂ ಲೆಕ್ಕ ಮಾಡುವ ಚಾಳಿಯೂ ಇದೆ. ಮೆಲ್ಬರ್ನ್ ವಿಶ್ವವಿದ್ಯಾಲಯದಲ್ಲೇ ತಾತ್ಕಾಲಿಕ ಅಧ್ಯಾಪಕರಿಗೆ ಉತ್ತರಪತ್ರಿಕೆ ತಿದ್ದಿದ ನಿಜವಾದ ಹೊತ್ತಿಗಲ್ಲ, ಗಂಟೆಗೆ ಇಷ್ಟು ಪದ ಓದಬೇಕೆಂಬ ಅಳತೆಯ ಮೇಲೆ ಸಂಬಳ ಕೊಟ್ಟಿದ್ದು ಬಯಲಾಗಿ, ಬೇರೆ ಬಾಕಿಗಳೂ ಸೇರಿ ಸುಮಾರು 72 ಮಿಲಿಯನ್ ಡಾಲರ್ ಹಿಂದಿರುಗಿಸಬೇಕಾಯಿತು. ಅದನ್ನು ಬೆನ್ನು ಹತ್ತಿದ್ದು ಸಂಬಳದ ಕಾನೂನು ಪಾಲನೆ ನೋಡಿಕೊಳ್ಳುವ ಸರ್ಕಾರದ ಫೇರ್ ವರ್ಕ್ ಓಂಬುಡ್ಸ್‌ಮನ್ ಕಚೇರಿ. 2025ರ ಜನವರಿ 1ರಿಂದ ಬೇಕೆಂದೇ ಕಡಿಮೆ ಸಂಬಳ ಕೊಡುವುದು ಜೈಲಿಗೆ ಹೋಗುವಂಥ ಅಪರಾಧ.

ಹಾಗಾದರೆ ನಮ್ಮಲ್ಲಿ ಕಾನೂನಿರಲಿಲ್ಲವೇ? ಇತ್ತು. 1948ರ ಕನಿಷ್ಠ ವೇತನ ಕಾಯ್ದೆಯ 15ನೇ ಸೆಕ್ಷನ್, ಮಾಲೀಕ ಕೆಲಸ ಒದಗಿಸದೆ ದಿನ ಮೊಟಕಾದರೂ ಪೂರ್ತಿ ದಿನದ ಕೂಲಿ ಕೊಡಬೇಕೆಂದಿತ್ತು. ಎಣಿಕೆ ಲೆಕ್ಕದ ಕೆಲಸಕ್ಕೂ ಹೊತ್ತಿನ ಲೆಕ್ಕದ ಕನಿಷ್ಠ ದರ ಇದ್ದರೆ ಅದಕ್ಕಿಂತ ಕಡಿಮೆ ಕೊಡುವಂತಿಲ್ಲ ಎಂದು 17ನೇ ಸೆಕ್ಷನ್. 2019ರ ವೇತನ ಸಂಹಿತೆಯಲ್ಲೂ ಈ ಮಾತುಗಳಿವೆ, ಅದೀಗ 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ, ಹಳೆಯ ಕಾಯ್ದೆಯಂತೆ ಪಟ್ಟಿಯಲ್ಲಿರುವ ಉದ್ಯೋಗಗಳಿಗಷ್ಟೇ ಎನ್ನದೆ ಎಲ್ಲ ಉದ್ಯೋಗಕ್ಕೂ. ಕಾಮಾಕ್ಷಿಪಾಳ್ಯದ ಹುಡುಗಿಗೆ ಕಷ್ಟವಾಗುವುದು ಸೆಕ್ಷನ್ ಇಲ್ಲದ್ದರಿಂದಲ್ಲ, ಮಾಲೀಕ ಯಾರು ಎಂದು ತೋರಿಸಲಾಗದ್ದರಿಂದ. ಸೂಪರ್‌ವೈಸರು ಏಜೆನ್ಸಿಯತ್ತ ಕೈ ತೋರಿಸುತ್ತಾನೆ, ಏಜೆನ್ಸಿ ಕಂಪನಿಯತ್ತ. ನೇಮಕದ ಕಾಗದವಿಲ್ಲ, ಹಾಜರಿಯಿಲ್ಲ, ಇರುವುದೊಂದು ವಾಟ್ಸ್ಆ್ಯಪ್ ಗುಂಪು.

ಈಗಲೂ ಬೆಂಗಳೂರಿನಲ್ಲಿ ಏಜೆನ್ಸಿ ನಡೆಸುವ ಗೆಳೆಯನ ಮುಂದೆ ಈ ಮಾತು ತೆಗೆದರೆ ಅವನದೊಂದೇ ಉತ್ತರ: 'ನಾನೊಬ್ಬ ಗಂಟೆ ಲೆಕ್ಕ ಹಾಕ್ಲಿ, ಪ್ರಾಜೆಕ್ಟ್ ಪಕ್ಕದವನಿಗೆ ಹೋಗುತ್ತೆ ಕಣೋ.' ಅವನ ಮಾತು ಸರಿಯೇ. ಆಸ್ಟ್ರೇಲಿಯಾದಲ್ಲಿ ಅವಾರ್ಡ್ ಕೆಲಸ ಮಾಡುವುದೂ ಅದಕ್ಕೇ, ಪಕ್ಕದವನೂ ಅದೇ ದರಕ್ಕೆ ಕಟ್ಟುಬಿದ್ದಿರುತ್ತಾನೆ. ಬೆಂಗಳೂರಿನಲ್ಲಿ ಕಾರ್ಮಿಕ ಇಲಾಖೆ ಬರುವವರೆಗೆ ಕಾಯಬೇಕಿಲ್ಲ. ಸರ್ವೇ ಕೊಳ್ಳುವ ದೊಡ್ಡ ಕಂಪನಿಗಳು, ಸರ್ಕಾರಿ ಇಲಾಖೆಗಳು ತಮ್ಮ ಟೆಂಡರಿನಲ್ಲಿ 'ಇಂಟರ್‌ವ್ಯೂಗೆ ಎಷ್ಟು' ಎಂಬ ಕಾಲಮ್ಮಿನ ಪಕ್ಕ 'ಫೀಲ್ಡಿನವರ ದಿನಕ್ಕೆ ಎಷ್ಟು, ಬ್ರೀಫಿಂಗ್ ದಿನವೂ ಸೇರಿ' ಎಂದು ಇನ್ನೊಂದು ಕಾಲಮ್ ಹಾಕಿ, ಹಾಜರಿ ಪುಸ್ತಕ ಕೇಳಿದರೆ ಗೆಳೆಯನ ತಕರಾರಿಗೆ ಅರ್ಧ ಉತ್ತರ ಸಿಕ್ಕಂತೆ. ಉಳಿದರ್ಧಕ್ಕೆ ಇಲಾಖೆಯೇ ಬರಬೇಕು.